ಅಕ್ಷರದ ಜೊತೆ ಸೈಕಲ್ಲೂ ಕಲಿತ ಪುದುಕೋಟೆ

ಸೈಕಲ್ ಅಂದ್ರೆ ನಮಗೆ ಫಿಟ್‌ನೆಸ್, ವೀಕೆಂಡ್ ರೈಡ್. ಆದ್ರೆ ಒಂದು ಜಿಲ್ಲೆಯ ಹೆಂಗಸರಿಗೆ ಸೈಕಲ್ಲೇ ಸ್ವಾತಂತ್ರ್ಯ ಆಗಿತ್ತು. ಇವತ್ತು ಆ ಕಥೆ ಹೇಳ್ತೀನಿ.

1991ರ ಸುಮಾರು. ತಮಿಳುನಾಡಿನ ಪುದುಕೋಟೆಯಲ್ಲಿ ‘ಅರಿವೊಳಿ ಇಯಕ್ಕಂ’ ಅನ್ನೋ ಸಾಕ್ಷರತಾ ಆಂದೋಲನ ನಡೀತಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅದರಲ್ಲಿ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಯಾಕೆ? ಎಲ್ಲಿಗೆ ಹೋಗ್ಬೇಕಂದ್ರೂ ಹೆಂಗಸರು ಬಸ್ಸಿಗೋ, ಮನೆಯ ಗಂಡಸರಿಗೋ ಕಾಯಬೇಕಿತ್ತು.

ಕೂಲಿಯವರು, ಕಲ್ಲು ಕ್ವಾರಿಯವರು, ಅಂಗನವಾಡಿ ಕಾರ್ಯಕರ್ತೆಯರು, ಟೀಚರ್‌ಗಳು ಎಲ್ಲರೂ ಸೈಕಲ್ ಹತ್ತಿದರು. ಆಡಿಕೊಂಡವರೂ ಇದ್ರು. ಆದ್ರೆ ಕಲಿತವರು ಸುಮ್ಮನಿರಲಿಲ್ಲ, ಪಕ್ಕದವರಿಗೂ ಕಲಿಸಿದರು. ಲೇಡೀಸ್ ಸೈಕಲ್ ಸಿಗದಿದ್ದಾಗ ಜೆಂಟ್ಸ್ ಸೈಕಲ್ಲೇ ತಗೊಂಡ್ರು. ಮುಂದಿನ ಬಾರ್ ಮೇಲೆ ಮಗುವನ್ನ ಕೂರಿಸಬಹುದಲ್ಲ!

ಪತ್ರಕರ್ತ ಪಿ. ಸಾಯಿನಾಥ್ ಬರೆದಿರೋ ಪ್ರಕಾರ, ಹೀಗೆ ಕಲಿತವರು ಸುಮಾರು 1 ಲಕ್ಷ. ನೀರು ತರೋದು, ಬೆಳೆದದ್ದನ್ನ ಊರೂರಿಗೆ ಒಯ್ದು ಮಾರೋದು ಸುಲಭವಾಯ್ತು. ಬಸ್ಸಿಗೆ ಕಾಯೋ ಸಮಯ ಉಳೀತು.

ನನಗನ್ನಿಸೋದು ಇಷ್ಟೇ: ಒಬ್ಬಳು ಸೈಕಲ್ ತುಳಿದ್ರೆ ಊರಿಗೆ ಅದು ಸುದ್ದಿ. ಎಲ್ಲರೂ ತುಳಿದ್ರೆ ಅದು ಮಾಮೂಲಿ. ಆ ‘ಮಾಮೂಲಿ’ಯೇ ದೊಡ್ಡ ಗೆಲುವು.

ಸೈಕಲ್ ಕಲಿಯೋ ಆಸೆ ಇರೋ ಅಮ್ಮ, ಅತ್ತೆ ನಿಮ್ಮನೆಯಲ್ಲೂ ಇರಬಹುದು. ಒಮ್ಮೆ ಕೇಳಿ ನೋಡಿ. ಮತ್ತೆ ಸಿಗೋಣ.