ದನಗಳಲ್ಲಿ ‘ಹೊಸ ಬ್ಯಾಕ್ಟೀರಿಯಾ’ ಪತ್ತೆಯಾದರೆ ಹಾಲು ಕುಡಿಯುವುದನ್ನೇ ಬಿಡಬೇಕೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ಸಂತೆ ಖರ್ಚು ನಡೆಯುತ್ತದೆ. ಅಲ್ಲಿನ ವಾಟ್ಸಾಪ್ ಗ್ರೂಪಿಗೆ ‘ದನಗಳಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ, ಹಾಲು ಮುಟ್ಟಬೇಡಿ’ ಎಂಬ ಮೆಸೇಜ್ ಬಂದರೆ ಗಾಬರಿಯಾಗುವುದು ಸಹಜ. ಫಾರ್ವರ್ಡ್ ಮಾಡುವ ಮುನ್ನ ಒಂದು ವಿಷಯ ತಿಳಿದುಕೊಳ್ಳಿ: ಹೆಸರು ಹೊಸದಾದ ಮಾತ್ರಕ್ಕೆ ರೋಗಾಣು ಹೊಸದಾಗಿರಬೇಕಿಲ್ಲ.

ಹೊಸ ಪ್ರಭೇದ ಎಂದು ಹೇಗೆ ಗೊತ್ತಾಗುತ್ತದೆ?

ಹಸುವಿನ ಹಾಲು, ರಕ್ತ ಅಥವಾ ಗಂಟಿನ ಮಾದರಿಯಿಂದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಹಲವು ಬ್ಯಾಕ್ಟೀರಿಯಾಗಳು ಒಂದೇ ಥರ ಕಾಣುವುದರಿಂದ ಅದರ ಪೂರ್ತಿ ಡಿಎನ್‌ಎ ಓದಿ, ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಸುತ್ತಾರೆ. ಹೋಲಿಕೆ ಸುಮಾರು ಶೇ. 95ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಬೇರೆ ಪ್ರಭೇದ ಎನ್ನುತ್ತಾರೆ. ಹೆಸರಿಗೆ ಅಧಿಕೃತ ಮನ್ನಣೆ ಸಿಗಲು ಆ ಬ್ಯಾಕ್ಟೀರಿಯಾದ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು.

ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ

ದನದಿಂದ ಮನುಷ್ಯರಿಗೆ ಬರುವ ಟಿಬಿಗೆ ‘ಮೈಕೋಬ್ಯಾಕ್ಟೀರಿಯಂ ಬೋವಿಸ್’ ಕಾರಣ ಎಂದೇ ಬಹಳ ಕಾಲ ನಂಬಿದ್ದರು. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 940 ಮಾದರಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7 ಮಂದಿಯಲ್ಲಿ ಸಿಕ್ಕಿದ್ದು ‘ಮೈಕೋಬ್ಯಾಕ್ಟೀರಿಯಂ ಆರಿಜಿಸ್’. ಚೆನ್ನೈನಲ್ಲಿ ಜಿಂಕೆಗಳಲ್ಲೂ ಅದು ಕಂಡುಬಂದಿದೆ.

ಆರಿಕ್ಸ್ ಎಂಬ ಕೊಂಬಿನ ಕಾಡುಪ್ರಾಣಿಯಿಂದ ಬಂದ ಈ ಹೆಸರನ್ನು ಇಟ್ಟಿದ್ದು 2012ರಲ್ಲಿ. ರೋಗಾಣು ಅದಕ್ಕೂ ದಶಕಗಳ ಮೊದಲೇ ಗೊತ್ತಿತ್ತು. ಅದರ ಡಿಎನ್‌ಎ ಟಿಬಿ ರೋಗಾಣುವಿಗೆ ಎಷ್ಟು ಹತ್ತಿರವೆಂದರೆ, ಇದು ಬೇರೆ ಪ್ರಭೇದವೇ ಅಲ್ಲ, ಟಿಬಿ ರೋಗಾಣುವಿನದೇ ಒಂದು ಬಗೆ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಹಾಗಾದರೆ ಗುರುತಿಸಿ ಏನು ಪ್ರಯೋಜನ? ಬೋವಿಸ್ ಒಂದನ್ನೇ ಹುಡುಕಿದರೆ ದನದಿಂದ ಬಂದ ಟಿಬಿ ಲೆಕ್ಕಕ್ಕೇ ಸಿಗದೆ ಹೋಗಬಹುದು. ನಾಗರಹೊಳೆ ಕಾಡಂಚಿನ ಹುಣಸೂರು, ಎಚ್.ಡಿ. ಕೋಟೆಯಂಥ ಕಡೆಗಳಿಗೆ ಇದು ಮುಖ್ಯ. ಹಾಗೆಂದು ಅಲ್ಲಿನ ದನಗಳಿಗೆ ಈ ರೋಗ ಇದೆ ಎಂದು ಅರ್ಥವಲ್ಲ.

ಹಾಲು ಕುಡಿಯಬಹುದೇ?

ಖಂಡಿತ, ಆದರೆ ಕಾಯಿಸಿ ಕುಡಿಯಿರಿ. ಹಾಲು ಉಕ್ಕುವಂತೆ ಕಾಯಿಸಿದರೆ ಟಿಬಿ ರೋಗಾಣು ಸಾಯುತ್ತದೆ, ಅದರ ಹೆಸರು ಯಾವುದೇ ಇರಲಿ. ಡೇರಿಯಲ್ಲಿ ಪಾಶ್ಚರೀಕರಣಕ್ಕಾಗಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಬಿಸಿ ಮಾಡುವುದೂ ಇದಕ್ಕೇ. ಕರೆದ ಕೂಡಲೇ ನೊರೆಹಾಲು ಕುಡಿದರೆ ಮಕ್ಕಳಿಗೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ನಿಜವಾದ ಅಪಾಯ ಇರುವುದು ಅಲ್ಲಿ.

ಹಸು ಸೊರಗುತ್ತಿದ್ದರೆ, ಕೆಮ್ಮು ಬಿಡದಿದ್ದರೆ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಟಿಬಿ ಪರೀಕ್ಷೆ ಮಾಡಿಸಿ.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಕೇಳಿಕೊಳ್ಳಿ: ಬ್ಯಾಕ್ಟೀರಿಯಾದ ಹೆಸರೇನು? ಎಲ್ಲಿಯ ದನಗಳಲ್ಲಿ ಸಿಕ್ಕಿತು? ಪರೀಕ್ಷಿಸಿದವರು ಯಾರು? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ ಹಾಲು ಕಾಯಿಸಿ ಕುಡಿಯಿರಿ ಎಂದು ನಾಲ್ಕು ಜನಕ್ಕೆ ಹೇಳಿ.