ಕ್ಲಾಕ್ ಇಲ್ಲದ ಚಿಪ್ಪಿಗೆ ಬೀಜಗಣಿತ

ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿರುವುದು ಒಂದೇ ಹಳಿ. ನಂಜನಗೂಡಿನಿಂದ ಗಾಡಿಯನ್ನು ಬಿಡುವ ಮೊದಲು ಸ್ಟೇಷನ್ ಮಾಸ್ಟರು ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್ ಪಡೆಯಬೇಕು. ಹೊರಡುವ ಹೊತ್ತಾಗಿದ್ದರೂ ಅತ್ತಲಿಂದ ಒಪ್ಪಿಗೆ ಬರದೆ ಗಾಡಿ ಕದಲದು. ಅಸಿಂಕ್ರೊನಸ್ ಸರ್ಕ್ಯೂಟುಗಳ ನಡೆಯೂ ಇದೇ.

ನಮ್ಮ ಫೋನು, ಕಂಪ್ಯೂಟರುಗಳ ಚಿಪ್ಪುಗಳು ಬಹುಮಟ್ಟಿಗೆ ಕ್ಲಾಕ್ ಸಂಕೇತದ ಮಿಡಿತಕ್ಕೆ ತಕ್ಕಂತೆ ನಡೆಯುತ್ತವೆ. ಅಸಿಂಕ್ರೊನಸ್ ಚಿಪ್ಪಿನಲ್ಲಿ ಅದಿಲ್ಲ. ಒಂದು ಭಾಗ ಕೋರಿಕೆ ಕಳಿಸುತ್ತದೆ, ಇನ್ನೊಂದು ಕೆಲಸ ಮುಗಿಸಿ ಉತ್ತರ ಕೊಡುತ್ತದೆ. ಕೆಲಸವಿಲ್ಲದ ಭಾಗ ಸುಮ್ಮನಿರುವುದರಿಂದ ವಿದ್ಯುತ್ ಉಳಿಯುತ್ತದೆ. ಇಂಥ ಮೈಕ್ರೊಪ್ರೊಸೆಸರೊಂದನ್ನು 1989ರಲ್ಲೇ ಕ್ಯಾಲ್ಟೆಕ್‌ನ ಅಲೈನ್ ಮಾರ್ಟಿನ್ ತಂಡ ಮಾಡಿ ತೋರಿಸಿತು.

ತೊಡಕಿರುವುದು ಸರದಿಯಲ್ಲಿ. ಒಂದನ್ನೊಂದು ಕಾಯದ ಹತ್ತು ಸಂಕೇತಗಳು 36,28,800 ಬಗೆಯ ಸರದಿಗಳಲ್ಲಿ ಬರಬಹುದು. ಅವುಗಳಲ್ಲಿ ಯಾವುದೋ ಒಂದರಲ್ಲಿ ಮಾತ್ರ ಸರ್ಕ್ಯೂಟು ಸಿಕ್ಕಿಕೊಳ್ಳುವುದಾದರೆ, ಕೆಲವನ್ನು ಓಡಿಸಿ ನೋಡಿ ನೆಮ್ಮದಿಯಿಂದಿರುವಂತಿಲ್ಲ.

ಇಲ್ಲಿ ನೆರವಾಗುವುದು ಘಟನೆಗಳ ಸರದಿಯನ್ನು ಸೂತ್ರವಾಗಿ ಬರೆಯುವ ಪ್ರೋಸೆಸ್ ಬೀಜಗಣಿತ. ಇದರ ಎರಡು ರೂಪಗಳಾಗಿ ಟೋನಿ ಹೋರ್ 1978ರಲ್ಲಿ ಸಿಎಸ್‌ಪಿಯನ್ನೂ ರಾಬಿನ್ ಮಿಲ್ನರ್ 1980ರಲ್ಲಿ ಸಿಸಿಎಸ್ ಅನ್ನೂ ಮುಂದಿಟ್ಟರು. ಈ ಬೀಜಗಣಿತದಲ್ಲಿ ಅಕ್ಷರವೆಂದರೆ ಸಂಖ್ಯೆಯಲ್ಲ, ಒಂದು ಘಟನೆ. ಚುಕ್ಕಿ ಎಂದರೆ ‘ಆಮೇಲೆ’, ಕೂಡು ಚಿಹ್ನೆ ಎಂದರೆ ‘ಇಲ್ಲವೇ’. ಎರಡು ಒಳತಂತಿಗಳೂ ಬದಲಾದ ಮೇಲಷ್ಟೇ ಹೊರತಂತಿಯನ್ನು ಬದಲಿಸುವ ಸಿ-ಎಲಿಮೆಂಟ್ ಎಂಬ ಬಿಡಿಭಾಗವನ್ನು ಹೀಗೆ ಬರೆಯಬಹುದು:

ಸಿ = (ಅ.ಬ + ಬ.ಅ).ಕ.ಸಿ

ಅ, ಬ ಎಂದರೆ ಒಳತಂತಿಗಳ ಬದಲಾವಣೆ, ಕ ಹೊರತಂತಿಯದು. ಅ ಮೊದಲೋ ಬ ಮೊದಲೋ, ಎರಡೂ ಬಂದ ಮೇಲೆ ಕ, ಮತ್ತೆ ಮೊದಲಿನಿಂದ.

ಶಾಲೆಯ ಬೀಜಗಣಿತದಲ್ಲಿ ಪ.(ಯ + ರ) ಮತ್ತು ಪ.ಯ + ಪ.ರ ಸಮ. ಇಲ್ಲಿ ಸಮವಲ್ಲ, ಈ ವಿದ್ಯೆಯ ಸತ್ವವೇ ಅದು ಎಂದು ನನಗನ್ನಿಸುತ್ತದೆ. ಮೊದಲನೆಯದರಲ್ಲಿ ಪ ನಡೆದ ಮೇಲೂ ಯ, ರ ಎರಡಕ್ಕೂ ದಾರಿ ತೆರೆದಿದೆ. ಎರಡನೆಯದರಲ್ಲಿ ಪ ನಡೆಯುವಾಗಲೇ ಒಂದು ದಾರಿ ಮುಚ್ಚಿಹೋಗಿರುತ್ತದೆ. ಪಕ್ಕದ ಭಾಗ ರ ಬೇಕೆಂದು ಕಾದಿದ್ದು, ಇದು ಯ ದಾರಿ ಹಿಡಿದಿದ್ದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ. ಆಗಬಹುದಾದ ಘಟನೆಗಳ ಪಟ್ಟಿ ಮಾತ್ರ ಎರಡಕ್ಕೂ ಒಂದೇ! ಪಟ್ಟಿಯಲ್ಲಿ ಕಾಣದ ಈ ಭೇದವನ್ನು ಹಿಡಿಯಲೆಂದೇ ಡೇವಿಡ್ ಪಾರ್ಕ್ ಮತ್ತು ಮಿಲ್ನರ್ ಬೈಸಿಮ್ಯುಲೇಷನ್ ಎಂಬ ಹೋಲಿಕೆಯನ್ನು ರೂಪಿಸಿದರು. ಎರಡು ಸೂತ್ರಗಳಲ್ಲಿ ಯಾವುದು ಹೆಜ್ಜೆಯಿಟ್ಟರೂ ಇನ್ನೊಂದರಲ್ಲಿ ಸರಿಸಾಟಿ ಹೆಜ್ಜೆ ಇರಬೇಕು, ಆ ಹೆಜ್ಜೆಯ ನಂತರವೂ ಸಾಟಿ ಉಳಿಯಬೇಕು.

ವಿನ್ಯಾಸಕಾರರು ಸರ್ಕ್ಯೂಟು ಹೇಗೆ ನಡೆಯಬೇಕೆಂಬುದನ್ನು ಒಂದು ಸೂತ್ರವಾಗಿ, ಗೇಟುಗಳ ಜೋಡಣೆಯನ್ನು ಇನ್ನೊಂದಾಗಿ ಬರೆದು ತಾಳೆ ನೋಡುವ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆಳೆದ ಸಿಎಡಿಪಿ ಅಂಥದ್ದು. ಫೌಸ್ಟ್ ಎಂಬ ಚಿಪ್ಪಿನೊಳಗಿನ ಅಸಿಂಕ್ರೊನಸ್ ಸಂಪರ್ಕಜಾಲವನ್ನು ಅದರಿಂದ ಪರೀಕ್ಷಿಸಿದ್ದಾರೆ. ಆದರೆ ಭಾಗಗಳು ಹೆಚ್ಚಿದಂತೆ ಸರ್ಕ್ಯೂಟು ಇರಬಹುದಾದ ಸ್ಥಿತಿಗಳ ಸಂಖ್ಯೆ ಕಂಪ್ಯೂಟರಿನ ಮೆಮೊರಿಗೂ ಮೀರಿ ಬೆಳೆಯುತ್ತದೆ. ಆಗ ಒಂದೊಂದೇ ಭಾಗವನ್ನು ತೆಗೆದುಕೊಂಡು, ಅದಕ್ಕೆ ಸಮನಾದ ಚಿಕ್ಕ ಸೂತ್ರವನ್ನು ಅದರ ಜಾಗದಲ್ಲಿ ಇಟ್ಟು, ಆಮೇಲೆ ಜೋಡಿಸುತ್ತಾರೆ.