ಬಿಸಿ ಕೋಳಿ-ಚೀಸ್ ಸ್ಯಾಂಡ್‌ವಿಚ್: ರುಚಿಯೊಡನೆ ಎಚ್ಚರ

ಕಚೇರಿ ಮುಗಿಸಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬಳಲಿ, ರಾತ್ರಿ ತಡವಾಗಿ ಮನೆ ಸೇರುವ ಮುಂಬಯಿವಾಸಿಗಳಿಗೆ ಹತ್ತೇ ನಿಮಿಷದಲ್ಲಿ ಸಿದ್ಧವಾಗುವ ಬಿಸಿ ಕೋಳಿ-ಚೀಸ್ ಸ್ಯಾಂಡ್‌ವಿಚ್ ಹಿತವಾದ ಆಹಾರ. ಆದರೆ ಇದಕ್ಕೆ ಸಾಮಾನ್ಯವಾಗಿ ಬಳಸುವುದು ಹಿಂದಿನ ದಿನ ಉಳಿದ ಕೋಳಿಮಾಂಸ. ಆದುದರಿಂದ ಕೊಂಚ ಎಚ್ಚರ ಅವಶ್ಯಕ.

ಬೆಂದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿರಿಸಿ, ಮೂರು ದಿನಗಳೊಳಗೆ ಬಳಸಬೇಕು. ಬಹಳ ಹೊತ್ತು ಹೊರಗೆ ಉಳಿದುದನ್ನು ಎಸೆಯುವುದೇ ಲೇಸು. ಕೆಲವು ರೋಗಾಣುಗಳು ಉತ್ಪಾದಿಸುವ ವಿಷವು ಮತ್ತೆ ಕಾಯಿಸಿದರೂ ನಾಶವಾಗದು.

ಎಲುಬು ತೆಗೆದ ಮಾಂಸವನ್ನು ಸಣ್ಣಗೆ ಬಿಡಿಸಿ, ಹೆಚ್ಚಿದ ಈರುಳ್ಳಿ ಹಾಗೂ ಕಾಳುಮೆಣಸಿನ ಪುಡಿಯೊಡನೆ ಬಾಣಲೆಯಲ್ಲಿ ಹಬೆಯಾಡುವವರೆಗೆ ಬಿಸಿಮಾಡಬೇಕು. ಮಾಂಸದ ಒಳಭಾಗವೂ 74 ಡಿಗ್ರಿ ಸೆಲ್ಸಿಯಸ್ ತಲುಪುವುದು ಕ್ಷೇಮ. ಚೀಸ್ ಅದಕ್ಕಿಂತ ಕಡಿಮೆ ಕಾವಿನಲ್ಲಿಯೇ ಕರಗುತ್ತದೆ. ಚೀಸ್ ಕರಗಿದ ಮಾತ್ರಕ್ಕೆ ಮಾಂಸವೂ ಸಾಕಷ್ಟು ಕಾದಿದೆಯೆಂದು ಭಾವಿಸಬಾರದು.

ಬಳಿಕ ಎರಡು ಬ್ರೆಡ್ ಹೋಳುಗಳ ನಡುವೆ ಮಾಂಸವನ್ನೂ ತುರಿದ ಚೀಸನ್ನೂ ಹರಡಿ, ಹೊರಬದಿಗೆ ತೆಳುವಾಗಿ ಬೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಎರಡೂ ಬದಿ ಕೆಂಪಗಾಗುವಂತೆ ಕಾಯಿಸಬೇಕು. ಚೀಸಿನಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ರಕ್ತದೊತ್ತಡವುಳ್ಳವರು ಚೀಸನ್ನೂ ಮಿತವಾಗಿ ಬಳಸತಕ್ಕದ್ದು. ಜೊತೆಗೆ ಸೌತೆಕಾಯಿ, ಟೊಮೇಟೊ ಹೋಳುಗಳಿದ್ದರೆ ರಾತ್ರಿಯೂಟಕ್ಕೆ ಅಷ್ಟೇ ಸಾಕು.